ಚಳಿ ಕೇಳುವ ಹೂ, ಮಳೆ ಕೇಳುವ ಹೂ

(ಮಹಿಳಾ ದಿನಾಚರಣೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಮಹಿಳಾ ದಿನದ ಸಭೆಯಲ್ಲಿ ಹೂವಿನ ಬಗ್ಗೆ ಮಾತಾಡು ಅಂದಾಗ ಮೊದಲು ಸ್ವಲ್ಪ ಮುಜುಗರ ಆಯಿತು. ಹೆಂಗಸರು ಅಂದ ಕೂಡಲೇ ಹೂವು, ರಂಗೋಲಿ, ಅಡುಗೆ ಅಂತ ಶುರುವಾಗಿಬಿಡುತ್ತದಲ್ಲ, ಅದಕ್ಕೆ. ಆದರೆ ವಿಷಯ ಕೊಟ್ಟವರು ಇಲ್ಲೇ ಕೂತಿದ್ದಾರೆ, ಅವರ ಪ್ರಶ್ನೆ ಗಟ್ಟಿಯಾಗಿತ್ತು. ಹೋದ ಮೇ ತಿಂಗಳಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು, ನಿಮಗೆಲ್ಲ ನೆನಪಿರಬಹುದು. ಲಂಡನ್ನಿನ ಒಂದು ತೋಟ. ಎದೆಯೆತ್ತರದ ಬೋಳು ದಂಟುಗಳು, ಪ್ರತಿಯೊಂದರ ತುದಿಯಲ್ಲೂ ನೇರಳೆ ಬಣ್ಣದ ಗುಂಡನೆಯ ಹೂಚೆಂಡು. ಕೆಳಗೆ ಪ್ರಶ್ನೆ: "ಇದರ ಗೆಡ್ಡೆ ಆನ್‌ಲೈನಲ್ಲಿ ಸಿಗುತ್ತೆ. ಆಲುವದಲ್ಲಿ ಬರುತ್ತಾ? ತರಿಸಲಾ?"

ಗುಂಪಿನಲ್ಲಿ ಉತ್ತರಗಳ ಸುರಿಮಳೆ. ಒಬ್ಬರು ಖಂಡಿತ ಬರುತ್ತೆ ಅಂದರು. ಇನ್ನೊಬ್ಬರು ಕೇರಳದ ಮಣ್ಣಿಗೆ ಕಡ್ಡಿ ಚುಚ್ಚಿದರೂ ಚಿಗುರುತ್ತೆ ಅಂದರು. ಮತ್ತೊಬ್ಬರು, "ಸ್ವಲ್ಪ ಅಡ್ಜಸ್ಟ್ ಆಗೋವರೆಗೆ ಕಾಯಬೇಕು ಅಷ್ಟೆ" ಅಂದರು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಇವತ್ತಿನ ನನ್ನ ಮಾತು ಅದಕ್ಕೆ ಕೊಡುವ ಉತ್ತರ.

ಮೊದಲು ಆ ಹೂವಿನ ಪರಿಚಯ ಮಾಡಿಕೊಳ್ಳೋಣ. ಅದರ ಹೆಸರು ಆಲಿಯಂ. ಆಲಿಯಂ ಅಂದರೆ ಲ್ಯಾಟಿನ್ನಿನಲ್ಲಿ ಬೆಳ್ಳುಳ್ಳಿ. ಹೌದು, ಅದು ನಮ್ಮ ಈರುಳ್ಳಿ, ಬೆಳ್ಳುಳ್ಳಿಗಳ ಕುಲವೇ. ಈ ಕುಲದಲ್ಲಿ 900ಕ್ಕೂ ಹೆಚ್ಚು ಜಾತಿಗಳಿವೆ. ಕೆಲವನ್ನು ನಾವು ಒಗ್ಗರಣೆಗೆ ಹಾಕುತ್ತೇವೆ, ಕೆಲವನ್ನು ಯುರೋಪಿನವರು ಹೂವಿಗಾಗಿ ಬೆಳೆಸುತ್ತಾರೆ. ಫೋಟೋಗಳಲ್ಲಿ ಹೆಚ್ಚಾಗಿ ಕಾಣುವ ಗಾಢ ನೇರಳೆಯದು ಪರ್ಪಲ್ ಸೆನ್ಸೇಶನ್ ಎಂಬ ತಳಿ. ಐದಡಿವರೆಗೆ ಬೆಳೆಯುವುದು ಆಲಿಯಂ ಜೈಗ್ಯಾಂಟಿಯಂ. ನಕ್ಷತ್ರಗಳನ್ನು ಪೋಣಿಸಿ ಚೆಂಡು ಮಾಡಿದ ಹಾಗಿರುವುದು ಆಲಿಯಂ ಕ್ರಿಸ್ಟೋಫಿ. ಪ್ರತಿವರ್ಷ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆಯುವ ಚೆಲ್ಸಿ ಪುಷ್ಪ ಪ್ರದರ್ಶನದಲ್ಲಿ ಇವು ಇದ್ದೇ ಇರುತ್ತವೆ. ಅಲ್ಲಿ ಟ್ಯೂಲಿಪ್ ಮುಗಿದು, ಗುಲಾಬಿ ಇನ್ನೂ ಶುರುವಾಗದ ನಡುವಿನ ವಾರಗಳನ್ನು ತುಂಬುವ ಹೂ ಇದು.

ಈಗ ಮುಖ್ಯ ಪ್ರಶ್ನೆ: ಆಲುವದಲ್ಲಿ ಇದು ಹೂ ಬಿಡುತ್ತದೆಯೇ? ಇಲ್ಲ. ಯಾಕೆ ಇಲ್ಲ ಅನ್ನುವುದನ್ನು ತಿಳಿದುಕೊಂಡರೆ ಮುಂದೆ ಯಾವ ಗಿಡದ ಜಾಹೀರಾತು ನೋಡಿದರೂ ನೀವೇ ನಿರ್ಧಾರ ಮಾಡಬಹುದು.

ಈ ದೊಡ್ಡ ಆಲಿಯಂಗಳ ತವರು ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಬೆಟ್ಟಗಾಡು. ಅಲ್ಲಿ ಬೇಸಿಗೆ ಒಣ, ಚಳಿಗಾಲ ಹಿಮ, ವಸಂತದಲ್ಲಿ ಕರಗಿದ ಹಿಮದ ನೀರು. ಗೆಡ್ಡೆ ಸಾವಿರಾರು ವರ್ಷ ಈ ಲೆಕ್ಕಕ್ಕೆ ಒಗ್ಗಿಕೊಂಡಿದೆ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಮಲಗುತ್ತದೆ. ಮಲಗಿದ್ದಾಗಲೇ ಒಳಗೊಳಗೆ ಹೂವಿನ ಮೊಗ್ಗು ರೂಪುಗೊಳ್ಳುತ್ತದೆ. ಆದರೆ ಆ ಮೊಗ್ಗನ್ನು ಹೊತ್ತ ದಂಟು ಉದ್ದವಾಗಿ ಮೇಲೇಳಬೇಕಾದರೆ ಎರಡು ಮೂರು ತಿಂಗಳು ಒಂದೇ ಸಮನೆ ಚಳಿ ಬೇಕು. ಅದೂ ನಮ್ಮ ಸ್ವೆಟರ್ ಚಳಿ ಅಲ್ಲ, ಹತ್ತು ಡಿಗ್ರಿಗಿಂತ ಕೆಳಗಿನ ಚಳಿ. ಚಳಿ ಕಂಡ ಮೇಲಷ್ಟೇ ಹೂವಿಗೆ ಅಣಿಯಾಗುವ ಈ ಗುಣಕ್ಕೆ ನಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ ವಸಂತೀಕರಣ ಎಂಬ ಒಳ್ಳೆಯ ಪದ ಇತ್ತು. ಚಳಿ ಸಿಗದಿದ್ದರೆ ದಂಟು ಗಿಡ್ಡವಾಗಿಯೇ ನಿಲ್ಲುತ್ತದೆ, ಇಲ್ಲವೇ ಮೊಗ್ಗು ಒಳಗೇ ಕಮರುತ್ತದೆ.

ನಮ್ಮಲ್ಲಿ ಚಳಿ ಎಷ್ಟು? ಆಲುವದಲ್ಲಿ ಜನವರಿ ರಾತ್ರಿಯೂ 20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಹಗಲು 32 ದಾಟುತ್ತದೆ. ಇನ್ನು ಮಳೆ. ಜೂನಿನಿಂದ ಇಡವಪ್ಪಾದಿ, ಅಕ್ಟೋಬರಿನಿಂದ ತುಲಾವರ್ಷ. ಬೇಸಿಗೆಯಲ್ಲಿ ಒಣಗಿ ಮಲಗಬೇಕಾದ ಗೆಡ್ಡೆ ಇಲ್ಲಿ ತಿಂಗಳುಗಟ್ಟಲೆ ನೀರಿನಲ್ಲಿ ಮಲಗಬೇಕು. ಕೊಳೆಯದೆ ಏನು ಮಾಡೀತು?

"ಫ್ರಿಜ್‌ನಲ್ಲಿ ಇಟ್ಟರೆ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಒಳ್ಳೆಯ ಪ್ರಶ್ನೆ. ಗೆಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ತರಕಾರಿ ಡಬ್ಬದಲ್ಲಿ ಹತ್ತು ಹನ್ನೆರಡು ವಾರ ಇಟ್ಟರೆ ಚಳಿಯ ಲೆಕ್ಕ ಒಂದಿಷ್ಟು ತುಂಬಬಹುದು. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣು ಬಿಡುವ ಎಥಿಲೀನ್ ಅನಿಲ ಮೊಗ್ಗನ್ನು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿ ಜನವರಿಯಲ್ಲಿ ಹೊರಗೆ ನೆಟ್ಟರೆ ಎದುರಾಗುವುದು ಫೆಬ್ರವರಿ, ಮಾರ್ಚಿನ ಬಿಸಿಲು. ಬೇರು ಬಿಡುವ ಮೊದಲೇ ಗೆಡ್ಡೆಗೆ ಬೇಸಿಗೆ ಬಂತು, ಮಲಗು ಎಂಬ ಸಂದೇಶ ಹೋಗುತ್ತದೆ. ಹೂ ಬಂದರೂ ಸೊರಗಿದ್ದು, ಅದೂ ಒಂದೇ ವರ್ಷ. ಒಂದೊಂದು ಗೆಡ್ಡೆಗೆ ನೂರಾರು ರೂಪಾಯಿ ಕೊಟ್ಟು ಈ ಆಟ ಆಡುವುದು ನಿಮ್ಮಿಷ್ಟ, ಬೇಡ ಅನ್ನುವುದಿಲ್ಲ.

ಆದರೆ ಒಂದು ಮಾತು ಖಡಾಖಂಡಿತ. ವಿದೇಶದಿಂದ ಬರುವ ತಂಗಿಗೋ ಮಗಳಿಗೋ "ಸೂಟ್‌ಕೇಸಿನಲ್ಲಿ ನಾಲ್ಕು ಗೆಡ್ಡೆ ಹಾಕಿಕೊಂಡು ಬಾ" ಅಂತ ಹೇಳಬೇಡಿ. ನಮ್ಮ ದೇಶದಲ್ಲಿ 2003ರ ಸಸ್ಯ ಸಂಪರ್ಕತಡೆ ಆದೇಶ ಜಾರಿಯಲ್ಲಿದೆ. ನೆಡುವ ಗೆಡ್ಡೆ ತರಲು ಆಮದು ಪರವಾನಗಿ ಬೇಕು, ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಗೆಡ್ಡೆಯ ಜೊತೆ ಬರುವ ಒಂದು ಶಿಲೀಂಧ್ರ, ಒಂದು ಹುಳು ಇಲ್ಲಿನ ಈರುಳ್ಳಿ ಬೆಳೆಗಾರರ ಹೊಟ್ಟೆಯ ಮೇಲೆ ಹೊಡೆಯಬಹುದು. ನಾನು ಈರುಳ್ಳಿ ಬೆಳೆಯುವ ಮನೆಯಿಂದ ಬಂದವಳು, ಆದ್ದರಿಂದ ಈ ಮಾತು ಸ್ವಲ್ಪ ಜೋರಾಗಿ ಹೇಳುತ್ತೇನೆ.

ನನ್ನ ತವರು ಗದಗ ಜಿಲ್ಲೆ. ನಮ್ಮ ಕಡೆ ಅದು ಈರುಳ್ಳಿ ಅಲ್ಲ, ಉಳ್ಳಾಗಡ್ಡಿ. ಲಂಡನ್ನಿನ ಫೋಟೋ ನೋಡಿ ನೀವೆಲ್ಲ ಬೆರಗಾದಾಗ ನನಗೆ ಅದು ಹೊಸದು ಅನ್ನಿಸಲೇ ಇಲ್ಲ. ಚಿಕ್ಕಂದಿನಿಂದ ನೋಡಿದ ಹೂವೇ ಅದು, ಬಣ್ಣ ಮಾತ್ರ ಬೇರೆ. ಪೇಟೆಯವರು ಈರುಳ್ಳಿಯ ಹೂವನ್ನು ನೋಡಿರುವುದಿಲ್ಲ, ಯಾಕೆಂದರೆ ಹೂ ಬಿಡುವ ಮೊದಲೇ ಕಿತ್ತು ತಿನ್ನುತ್ತೇವೆ. ಬೀಜಕ್ಕೆ ಅಂತ ಬಿಟ್ಟ ಗಿಡ ಮಾತ್ರ ಹೂ ಬಿಡುತ್ತದೆ. ಮಳೆಗಾಲದ ಬೆಳೆ ಬಂದ ಮೇಲೆ ನಮ್ಮ ಆಯಿ, ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನೋದು, ರಾಶಿಯ ಮುಂದೆ ಕೂತು ಗಡ್ಡೆ ಆರಿಸುತ್ತಿದ್ದಳು. ಕುತ್ತಿಗೆ ಸಣ್ಣಗಿರಬೇಕು, ಜೋಡುಗಡ್ಡೆ ಇರಬಾರದು, ಬಣ್ಣ ಒಂದೇ ಸಮ ಇರಬೇಕು. ಹಾಗೆ ಆರಿಸಿದ ಗಡ್ಡೆಗಳನ್ನು ಹಿಂಗಾರಿನಲ್ಲಿ ಹೊಲದ ಒಂದು ಮೂಲೆಯಲ್ಲಿ ಮತ್ತೆ ನೆಡುತ್ತಿದ್ದರು. ಚಳಿ ಮುಗಿಯುವ ಹೊತ್ತಿಗೆ ಸೊಂಟದೆತ್ತರದ ದಂಟು, ತುದಿಯಲ್ಲಿ ಬಿಳಿ ಚೆಂಡು. ಒಂದೊಂದು ಚೆಂಡಿನಲ್ಲೂ ನೂರಾರು ಸಣ್ಣ ಹೂ.

ನಾವು ಮಕ್ಕಳು ಆ ಚೆಂಡು ಕಿತ್ತು ಆಡಲು ಹೋದರೆ ಆಯಿ ಗದರುತ್ತಿದ್ದಳು: "ಮುಟ್ಟಬ್ಯಾಡ್ರಿ, ಜೇನ ತಮ್ಮ ಕೆಲಸ ಮಾಡಾಕತ್ತಾವು." ಅವಳ ಮಾತಿನ ಹಿಂದಿನ ವಿಜ್ಞಾನ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಈರುಳ್ಳಿಯ ಪ್ರತಿ ಸಣ್ಣ ಹೂವಿನಲ್ಲೂ ಮೊದಲು ಪರಾಗ ಉದುರುತ್ತದೆ, ಹೆಣ್ಣು ಭಾಗ ಬಲಿಯುವುದು ಆಮೇಲೆ. ಒಂದು ಹೂ ತನ್ನ ಪರಾಗದಿಂದಲೇ ತಾನು ಬೀಜ ಕಟ್ಟುವುದು ಕಷ್ಟ. ಜೇನೋ ನೊಣವೋ ಬೇರೆ ಹೂವಿನಿಂದ ಪರಾಗ ತರಬೇಕು. ಜೇನು ಬಾರದಿದ್ದರೆ ಬೀಜ ಇಲ್ಲ.

ನನ್ನ ಮಾತಿನ ಗಂಟು ಇಲ್ಲಿದೆ. ಈರುಳ್ಳಿಯ ಮೂಲವೂ ಮಧ್ಯ ಏಷ್ಯಾದ ಕಡೆಯದೇ. ಅದಕ್ಕೂ ಹೂ ಬಿಡಲು ಚಳಿ ಬೇಕು. ಹಾಗಿದ್ದರೆ ಗದಗದಲ್ಲಿ, ಹಿಮ ಬೀಳದ ಊರಿನಲ್ಲಿ, ಅದು ಹೇಗೆ ಹೂ ಬಿಡುತ್ತದೆ? ಚರಕ ಸಂಹಿತೆಯಲ್ಲೇ ಪಲಾಂಡು ಅಂತ ಈರುಳ್ಳಿಯ ಹೆಸರಿದೆ. ಅಂದರೆ ಅದು ನಮ್ಮ ನೆಲಕ್ಕೆ ಬಂದು ಎರಡು ಸಾವಿರ ವರ್ಷದ ಆಸುಪಾಸಾದರೂ ಆಗಿದೆ. ಪ್ರತಿವರ್ಷ ಯಾರೋ ಒಬ್ಬರು ರಾಶಿಯ ಮುಂದೆ ಕೂತು ಗಡ್ಡೆ ಆರಿಸಿದ್ದಾರೆ. ಕಡಿಮೆ ಚಳಿಯಲ್ಲೂ ಹೂ ಬಿಟ್ಟ ಗಿಡದ ಬೀಜ ಮಾತ್ರ ಮುಂದಿನ ವರ್ಷಕ್ಕೆ ಉಳಿದಿದೆ. ನಮ್ಮ ಬಯಲುಸೀಮೆಯ ತಳಿಗಳಿಗೆ ನಮ್ಮ ಸಣ್ಣ ಚಳಿಯೇ ಸಾಕಾಗುತ್ತದೆ. ಈ ಹೊಂದಾಣಿಕೆ ಒಂದು ಕುಂಡದಲ್ಲಿ ಒಂದು ವರ್ಷಕ್ಕೆ ಆದದ್ದಲ್ಲ. ನೂರಾರು ತಲೆಮಾರು ಹಿಡಿದಿದೆ, ಜೊತೆಗೆ ಲೆಕ್ಕವಿಲ್ಲದಷ್ಟು ಕೈಗಳು ದುಡಿದಿವೆ. ಆ ಕೈಗಳಲ್ಲಿ ಹೆಚ್ಚಿನವು ನಮ್ಮ ಆಯಿಯಂಥ ಹೆಂಗಸರದು ಅಂತ ನನ್ನ ನಂಬಿಕೆ.

ಹಾಗೆ ನೆಲಕ್ಕೆ ಒಗ್ಗಿದ ತಳಿ ಎಂಥದ್ದಾಗಬಹುದು ಅನ್ನುವುದಕ್ಕೆ ಬೆಂಗಳೂರು ಗುಲಾಬಿ ಈರುಳ್ಳಿ ಸಾಕ್ಷಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯುವ ಆ ಕೆಂಪು ಗುಲಾಬಿ ಬಣ್ಣದ ಈರುಳ್ಳಿ ಬಹುಪಾಲು ಮಲೇಷ್ಯಾ, ಸಿಂಗಪುರದಂಥ ದೇಶಗಳಿಗೇ ಹೋಗುತ್ತದೆ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ಮುಂತಾದ ತಳಿಗಳನ್ನು ಕೊಟ್ಟಿದೆ. ಅಲ್ಲೂ ಮೂಲ ಕೆಲಸ ಆರಿಸುವುದೇ.

ಈಗ ಒಂದು ಬೇಸರದ ಸಂಗತಿ. ಈರುಳ್ಳಿ ಬೀಜದ ಆಯುಸ್ಸು ಬಹಳ ಕಡಿಮೆ. ಸಾಮಾನ್ಯ ಮನೆಯ ಶಾಖದಲ್ಲಿ ಒಂದು ವರ್ಷ ದಾಟಿದರೆ ಅದರ ಮೊಳಕೆಯ ಶಕ್ತಿ ಕುಸಿಯುತ್ತದೆ. ಜೋಳದ ಹಾಗೆ ಡಬ್ಬದಲ್ಲಿಟ್ಟು ಮರೆತು ಮೂರು ವರ್ಷದ ಮೇಲೆ ಬಿತ್ತಲು ಆಗುವುದಿಲ್ಲ. ಯಾರಾದರೂ ಪ್ರತಿವರ್ಷ ತಪ್ಪದೆ ಬೆಳೆಸಿದರೆ ಮಾತ್ರ ತಳಿ ಉಳಿಯುತ್ತದೆ. ನಮ್ಮ ಆಯಿ ತೀರಿಕೊಂಡ ವರ್ಷ ಮನೆ ದುಃಖದಲ್ಲಿತ್ತು, ಆಮೇಲಿನ ವರ್ಷ ಬರಗಾಲ. ಎರಡು ಹಿಂಗಾರು ಹೋದವು. ಅಷ್ಟೇ ಸಾಕಾಯಿತು. ಈಗ ಅಪ್ಪ ಪ್ಯಾಕೆಟ್ ಬೀಜ ತರುತ್ತಾರೆ, ಒಳ್ಳೆಯ ಬೆಳೆಯೂ ಬರುತ್ತದೆ. ಆದರೆ ನಮ್ಮ ಮನೆಯ ಉಳ್ಳಾಗಡ್ಡಿ ಇಲ್ಲ. ಅದರ ರುಚಿ ನನಗೆ ನೆನಪಿದೆ, ನನ್ನ ಮಗಳಿಗೆ ಅದನ್ನು ತೋರಿಸಲು ದಾರಿಯಿಲ್ಲ.

ಇರಲಿ, ಆಲುವಕ್ಕೆ ವಾಪಸ್ ಬರೋಣ. ಇಲ್ಲಿಗೆ ಬಂದ ಹೊಸದರಲ್ಲಿ ಅಂಗಡಿಯಲ್ಲಿ ಉಳ್ಳಿ ಕೇಳಿದರೆ ಸಾಂಬಾರ್ ಈರುಳ್ಳಿ ಕೊಡುತ್ತಿದ್ದರು, ಅಲ್ಲವೇ? ದೊಡ್ಡ ಈರುಳ್ಳಿಗೆ ಇಲ್ಲಿ ಸವಾಳ ಅನ್ನಬೇಕು ಅಂತ ನಾವೆಲ್ಲ ಕಲಿತದ್ದು ಹಾಗೆ. ಆದರೆ ಉಳ್ಳಿ ಎಂಬ ಮಾತು ಎರಡೂ ಕಡೆಯದು. ನಮ್ಮ ಬೆಳ್ಳುಳ್ಳಿ ಇಲ್ಲಿ ವೆಳುತ್ತುಳ್ಳಿ, ಎರಡರ ಅರ್ಥವೂ ಬಿಳಿ ಉಳ್ಳಿ. ಇನ್ನೊಂದು ವಿಷಯ. ಆಲುವದಿಂದ ಹೊರಡುವ ಮುನ್ನಾರ್ ರಸ್ತೆ ಹಿಡಿದು ಪೆರುಂಬಾವೂರು, ಕೋತಮಂಗಲ, ಅಡಿಮಾಲಿ ದಾಟಿ ಸುಮಾರು 110 ಕಿಲೋಮೀಟರ್ ಹೋದರೆ ಮುನ್ನಾರ್. ಅದರಾಚೆಗೆ ಕಾಂತಲ್ಲೂರು, ವಟ್ಟವಡ. ಸುಮಾರು 1,500 ಮೀಟರ್ ಎತ್ತರದ ಊರುಗಳು. ಅಲ್ಲಿ ಬೆಳೆಯುವ ಬೆಳ್ಳುಳ್ಳಿಗೆ ಈಚೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬೆಳ್ಳುಳ್ಳಿ ಗಡ್ಡೆ ಕಟ್ಟುವುದಕ್ಕೂ ತಂಪು ಬೇಕು. ನಮ್ಮ ಮನೆ ಮುಂದಿನ ರಸ್ತೆಯ ಒಂದು ತುದಿಯಲ್ಲಿ ಅದಕ್ಕೆ ಬೇಕಾದ ಚಳಿ ಇದೆ, ಇನ್ನೊಂದು ತುದಿಯಲ್ಲಿ ಇಲ್ಲ. ಕೆಳಗಿನ ಊರಿನಲ್ಲಿ ಅದು ಬೆಳೆಯದಿದ್ದರೆ ಬೆಳ್ಳುಳ್ಳಿ ಹಟಮಾರಿ ಅಂತ ಯಾರೂ ಅನ್ನುವುದಿಲ್ಲ.

ಹಾಗಾದರೆ ನಮ್ಮ ವಸಂತದ ಕೊನೆಗೆ, ವೈಶಾಖದಲ್ಲಿ, ಆಲುವದ ಅಂಗಳದಲ್ಲಿ ಗುಂಡನೆಯ ಹೂ ಬೇಕೇ ಬೇಕು ಅನ್ನುವವರಿಗೆ ದಾರಿ ಏನು? ಇದೆ. ಅದೂ ನೀವು ದಿನಾ ದಾಟಿ ಹೋಗುವ ಕಾಂಪೌಂಡುಗಳ ಒಳಗೇ ಇದೆ. ಇಲ್ಲಿ ಅದನ್ನು ಮೇ ಫ್ಲವರ್ ಅನ್ನುತ್ತಾರೆ, ಫುಟ್‌ಬಾಲ್ ಲಿಲಿ ಅಂತಲೂ ಕರೆಯುತ್ತಾರೆ. ನಮ್ಮೂರುಗಳಲ್ಲಿ ಗುಲ್‌ಮೊಹರ್ ಮರಕ್ಕೂ ಮೇ ಫ್ಲವರ್ ಅನ್ನುವುದರಿಂದ ಗೊಂದಲ ಬೇಡ. ನಾನು ಹೇಳುತ್ತಿರುವುದು ಗೆಡ್ಡೆಯ ಗಿಡ. ಸಸ್ಯಶಾಸ್ತ್ರದ ಹೆಸರು ಸ್ಕ್ಯಾಡೊಕ್ಸಸ್ ಮಲ್ಟಿಫ್ಲೋರಸ್. ಏಪ್ರಿಲ್ ಕೊನೆ, ಮೇ ಮೊದಲಿಗೆ ಒಂದೆರಡು ಮಳೆ ಬಿದ್ದ ಕೂಡಲೇ ಬರಿಮಣ್ಣಿನಿಂದ ಒಂದು ದಪ್ಪ ದಂಟು ಎದ್ದು, ತುದಿಯಲ್ಲಿ ಕೆಂಪು ಚೆಂಡು ಬಿರಿಯುತ್ತದೆ. ಒಂದು ಚೆಂಡಿನಲ್ಲಿ ಇನ್ನೂರರವರೆಗೂ ಸಣ್ಣ ಹೂಗಳಿರಬಹುದು.

ಇದು ಆಲಿಯಮ್ಮಿನ ನಕಲು ಅಂತ ತಿಳಿಯಬೇಡಿ, ದಾಯಾದಿ. ಹಿಂದೆ ಈರುಳ್ಳಿಯನ್ನು ಲಿಲ್ಲಿಯ ಕುಟುಂಬದಲ್ಲಿ ಇಡುತ್ತಿದ್ದರು. 2009ರ ಸಸ್ಯ ವರ್ಗೀಕರಣದಲ್ಲಿ ಈರುಳ್ಳಿ ಬಳಗವನ್ನು ಅಮರಿಲ್ಲಿಡೇಸಿ ಎಂಬ ಕುಟುಂಬಕ್ಕೆ ಸೇರಿಸಿದರು. ನಮ್ಮ ಮೇ ಫ್ಲವರ್ ಕೂಡ ಅದೇ ಕುಟುಂಬ. ಬೋಳು ದಂಟು, ತುದಿಯ ಒಂದೇ ಬಿಂದುವಿನಿಂದ ಹೊರಡುವ ನೂರಾರು ಹೂ ಎಂಬ ಕಟ್ಟಡ ಎರಡರಲ್ಲೂ ಒಂದೇ.

ಇದರ ತವರು ಆಫ್ರಿಕಾ. ಅಲ್ಲಿ ಆಲಿಯಮ್ಮಿನ ಊರಿನ ಹಾಗೆ ಹಿಮ ಇಲ್ಲ. ಇರುವುದು ಒಣಕಾಲ, ಮಳೆಗಾಲ, ಅಷ್ಟೇ. ಆದ್ದರಿಂದ ಈ ಗೆಡ್ಡೆ ಕಾಯುವುದು ಚಳಿಗಾಗಿ ಅಲ್ಲ, ಒಣ ನಿದ್ದೆಯ ನಂತರದ ಮೊದಲ ಮಳೆಗಾಗಿ. ಆಲುವದಲ್ಲಿ ಅದಕ್ಕೆ ಸಿಗುವುದೂ ಅದೇ. ನಾನು ಸಾಫ್ಟ್‌ವೇರಿನವಳು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದರ ಟ್ರಿಗರ್ ಬೇರೆ. ಎರಡೂ ಹೂ ಅರಳುವುದು ಮೇ ತಿಂಗಳಲ್ಲೇ. ಒಂದು ಚಳಿಯ ಲೆಕ್ಕ ಮುಗಿಸಿ ಅರಳುತ್ತದೆ, ಇನ್ನೊಂದು ಮಳೆಯ ಸುಳಿವು ಹಿಡಿದು ಅರಳುತ್ತದೆ.

ಈ ಗಿಡ ಎಷ್ಟು ಗಟ್ಟಿ ಅಂತ ನನಗೆ ಹೇಳಿದವರು ನಮ್ಮ ಪಕ್ಕದ ಮನೆಯ ಚೇಚಿ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವಕ್ಕೆ ನುಗ್ಗಿದ್ದು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ನಾವು ಇಲ್ಲಿಗೆ ಬಂದದ್ದು ಮರುವರ್ಷ. ಚೇಚಿಯ ಮನೆಯಲ್ಲಿ ನೀರು ಕಿಟಕಿಯವರೆಗೆ ಬಂದಿತ್ತಂತೆ. ಇಳಿದ ಮೇಲೆ ಅಂಗಳದ ತುಂಬ ಒಂದು ಗೇಣು ಕೆಸರು. ಮದುವೆಯ ಆಲ್ಬಮ್ ಹೋಯಿತು, ಹೊಲಿಗೆ ಯಂತ್ರ ಹೋಯಿತು, ಗುಲಾಬಿ, ಆಂಥೂರಿಯಂ ಎಲ್ಲ ಹೋದವು. ಕೆಸರು ಬಾಚಿ ಉಳಿದದ್ದನ್ನು ಅಂಗಳದಲ್ಲೇ ಹರವಿದರು. ಮುಂದಿನ ಮೇ ತಿಂಗಳಲ್ಲಿ ಆ ಒಣಗಿದ ಕೆಸರನ್ನು ಬಿರುಕುಬಿಡಿಸಿಕೊಂಡು ಐದು ಕೆಂಪು ಚೆಂಡು ಮೇಲೆದ್ದವಂತೆ. ಚೇಚಿ ಅದನ್ನು ದೊಡ್ಡ ಪವಾಡದ ಹಾಗೆ ಹೇಳುವುದಿಲ್ಲ. "ಅವತ್ತು ಮೊದಲ ಸಲ ಅಂಗಳ ಗುಡಿಸಬೇಕು ಅನ್ನಿಸಿತು" ಅನ್ನುತ್ತಾರೆ, ಅಷ್ಟೇ.

ನಮ್ಮ ಮನೆಗೆ ಮೊದಲ ಗೆಡ್ಡೆ ಕೊಟ್ಟವರೂ ಅವರೇ. ಡಿಸೆಂಬರಿನಲ್ಲಿ ಎಲೆಗಳೆಲ್ಲ ಹಳದಿಯಾಗಿ ಕುಂಡ ಬೋಳಾಯಿತು. ನಮ್ಮ ಅತ್ತೆ ನೋಡಿ, "ಸತ್ತುಹೋಯ್ತಲ್ಲೇ, ಆ ಕುಂಡಕ್ಕೆ ಕೊತ್ತಂಬರಿ ಹಾಕು" ಅಂದರು. ಚೇಚಿ ಬೇಲಿಯಾಚೆಯಿಂದ ಕೂಗಿದರು: "ಚತ್ತಿಟ್ಟಿಲ್ಲ ಮೋಳೇ, ಉರಙ್ಙುಗಯಾ." ಸತ್ತಿಲ್ಲ ಮಗಳೇ, ನಿದ್ದೆ ಮಾಡ್ತಿದೆ ಅಂತ.

ಈಗ ಬೆಳೆಸುವ ವಿಧಾನ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ನೆಡಲು ಇದೇ ಸರಿಯಾದ ಕಾಲ. ಮಾರ್ಚಿನಲ್ಲಿ ಗೆಡ್ಡೆ ಮಲಗಿರುತ್ತದೆ, ಮುಟ್ಟಿದರೆ ಬೇರಿಗೆ ನೋವಾಗುವುದು ಕಡಿಮೆ. ಎಂಟರಿಂದ ಹತ್ತು ಇಂಚಿನ ಕುಂಡ ಸಾಕು, ಗ್ರೋ ಬ್ಯಾಗ್ ಆದರೂ ಆದೀತು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಒರಟು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಅಡಿಯ ತೂತುಗಳ ಮೇಲೆ ಒಡೆದ ಹೆಂಚಿನ ಚೂರು ಹಾಕಿ. ಗೆಡ್ಡೆಯನ್ನು ಆಳಕ್ಕೆ ಹೂಳಬೇಡಿ, ಕುತ್ತಿಗೆ ಮಣ್ಣಿನ ಮಟ್ಟದಲ್ಲಿ ಇರಲಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಜಾಗ ಒಳ್ಳೆಯದು. ಫ್ಲ್ಯಾಟಿನಲ್ಲಿರುವವರಿಗೆ ಪೂರ್ವದ ಬಾಲ್ಕನಿ ಹೇಳಿ ಮಾಡಿಸಿದ್ದು.

ನೆಟ್ಟ ದಿನ ನೀರು ಸುರಿಯಬೇಡಿ. ಮೊದಲ ಬೇಸಿಗೆ ಮಳೆ ಬೀಳುವವರೆಗೆ ಸುಮ್ಮನಿರಿ. ಏಪ್ರಿಲ್ ಮುಗಿಯುತ್ತಾ ಬಂದರೂ ಮಳೆ ಬಾರದಿದ್ದರೆ ನೀವೇ ಚೆನ್ನಾಗಿ ನೀರು ಕೊಟ್ಟು ಎಬ್ಬಿಸಬಹುದು. ಒಂದು ಗೆಡ್ಡೆಗೆ ವರ್ಷಕ್ಕೆ ಒಂದೇ ಚೆಂಡು, ಅದು ಒಂದು ವಾರ, ಹೆಚ್ಚೆಂದರೆ ಎರಡು ವಾರ ಇರುತ್ತದೆ. ಅದಕ್ಕೇ ಒಂದು ಕುಂಡದಲ್ಲಿ ಮೂರೋ ನಾಲ್ಕೋ ಗೆಡ್ಡೆ ಇಡಿ. ಈ ಗಿಡಕ್ಕೆ ಒತ್ತೊತ್ತಾಗಿ ಇರುವುದು ಇಷ್ಟ. ಪದೇ ಪದೇ ಕಿತ್ತು ನೆಟ್ಟರೆ ಮುನಿಸಿಕೊಂಡು ಆ ವರ್ಷ ಹೂ ಬಿಡದೆ ಇರಬಹುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಮರಿಗೆಡ್ಡೆ ಬೇರ್ಪಡಿಸಿದರೆ ಸಾಕು.

ಹೂ ಮುಗಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಮುಂದಿನ ವರ್ಷದ ಹೂವಿಗೆ ಬೇಕಾದ ಊಟವನ್ನು ಮಳೆಗಾಲದ ಎಲೆಗಳು ಮಾಡುತ್ತವೆ. ಎಲೆ ಹಸಿರಾಗಿರುವವರೆಗೆ ಕತ್ತರಿಸಬೇಡಿ. ಜೂನ್, ಸೆಪ್ಟೆಂಬರಿನಲ್ಲಿ ಒಂದೊಂದು ಹಿಡಿ ಎಲುಬಿನ ಪುಡಿ ಅಥವಾ ಗೊಬ್ಬರ ಕೊಡಿ. ಕುಂಡದ ತಟ್ಟೆಯಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಡಿಸೆಂಬರಿನಲ್ಲಿ ಎಲೆ ತಾನಾಗಿ ಹಳದಿಯಾದ ಮೇಲೆ ನೀರು ನಿಲ್ಲಿಸಿ ಕುಂಡವನ್ನು ಸೂರಿನಡಿ ಸರಿಸಿ. ಅದರ ಮೇಲೆ ಒಂದು ಚೀಟಿ ಅಂಟಿಸಿ, ಇಲ್ಲದಿದ್ದರೆ ಕೊತ್ತಂಬರಿ ಬಿತ್ತುವವರು ಬಂದುಬಿಡುತ್ತಾರೆ. ನಮ್ಮ ಅತ್ತೆಯೂ ನಗುತ್ತಿದ್ದಾರೆ, ಪರವಾಗಿಲ್ಲ.

ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಕೇಳಿ. ದಾಯಾದಿ ಅಂದ ಮಾತ್ರಕ್ಕೆ ಇದು ಈರುಳ್ಳಿ ಅಲ್ಲ. ಮೇ ಫ್ಲವರ್ ಗೆಡ್ಡೆ ವಿಷ. ಎಲೆ, ಹೂ, ಆಮೇಲೆ ಬರುವ ಕೆಂಪು ಹಣ್ಣು ಯಾವುದನ್ನೂ ಮಕ್ಕಳ ಬಾಯಿಗೆ, ಬೆಕ್ಕು ನಾಯಿಗಳ ಬಾಯಿಗೆ ಸಿಗದ ಹಾಗೆ ಇಡಿ. ಗೆಡ್ಡೆ ಮುಟ್ಟಿದ ಮೇಲೆ ಕೈ ತೊಳೆಯಿರಿ. ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹತ್ತಿರಕ್ಕೂ ಈ ಗೆಡ್ಡೆ ಹೋಗಬಾರದು. ಹಾಗೇ ಇನ್ನೊಂದು ಮಾತು: ನಾವು ತಿನ್ನುವ ಈರುಳ್ಳಿ, ಬೆಳ್ಳುಳ್ಳಿ ಕೂಡ ನಾಯಿ ಬೆಕ್ಕುಗಳಿಗೆ ವಿಷವೇ.

ನಿಜವಾದ ಆಲಿಯಮ್ಮೇ ಬೇಕು ಅನ್ನುವವರಿಗೂ ಒಂದು ದಾರಿ ಇದೆ. ಗಾರ್ಲಿಕ್ ಚೈವ್ಸ್, ಅಂದರೆ ಆಲಿಯಂ ಟ್ಯೂಬರೋಸಂ. ಹುಲ್ಲಿನ ಹಾಗೆ ಚಪ್ಪಟೆ ಎಲೆ, ಬೆಳ್ಳುಳ್ಳಿಯ ಘಮ, ಬಿಳಿ ನಕ್ಷತ್ರಗಳ ಗೊಂಚಲು. ಥೈಲ್ಯಾಂಡಿನಂಥ ಸೆಕೆಯ ದೇಶದಲ್ಲೂ ಇದರ ಹೂದಂಟನ್ನು ತರಕಾರಿಯಾಗಿ ತಿನ್ನುತ್ತಾರೆ. ಅಂದರೆ ಹೂವಿಗೆ ಹಿಮದ ಚಳಿ ಬೇಕಿಲ್ಲ. ಚೆನ್ನಾಗಿ ಬಿಸಿಲು ಬೀಳುವ, ನೀರು ನಿಲ್ಲದ ಕುಂಡದಲ್ಲಿ ಬೆಳೆಸಿ, ಎಲೆಯನ್ನು ದೋಸೆ, ಆಮ್ಲೆಟ್ಟಿಗೆ ಹಾಕಿ. ಚೆಂಡು ದೊಡ್ಡದಲ್ಲ, ಆದರೆ ಜೇನು ಬರುತ್ತದೆ.

ಇನ್ನು ಆ ನೇರಳೆ ಬಣ್ಣ. ಅದಕ್ಕೆ ವಾಡಾಮಲ್ಲಿ ಇದೆಯಲ್ಲ, ಓಣಂ ಪೂಕಳಕ್ಕೆ ಹಾಕುವ ಬಟನ್ ಹೂ. ಗುಂಡಗಿದೆ, ನೇರಳೆ ಇದೆ, ಕಿತ್ತ ಮೇಲೂ ಬಾಡುವುದಿಲ್ಲ. ಮೇ ಕೊನೆಗೆ ಬೀಜ ಚೆಲ್ಲಿದರೆ ಓಣಂಗೂ ಆಯಿತು, ನಮ್ಮ ಗೌರಿ ಗಣೇಶನಿಗೂ ಆಯಿತು.

ಕೊನೆಯದಾಗಿ ಆ ಅಡ್ಜಸ್ಟ್ ಎಂಬ ಮಾತು. ಈ ಸಭೆಯಲ್ಲಿರುವ ನಾವೆಲ್ಲ ಎಲ್ಲಿಂದಲೋ ಕಿತ್ತು ಇಲ್ಲಿ ನೆಟ್ಟವರೇ. ಕೆಲವರು ಮದುವೆಯಾಗಿ ಬಂದಿರಿ, ಕೆಲವರು ಗಂಡನ ವರ್ಗಾವಣೆಗೆ, ನನ್ನಂಥವರು ಕೆಲಸಕ್ಕೆ. ಎಲ್ಲರಿಗೂ ಊರಿಂದ ಹೊರಡುವಾಗ ಒಂದೇ ಬುದ್ಧಿಮಾತು: "ಹೊಂದಿಕೊಂಡು ಹೋಗು." ಒಬ್ಬಳು ಬೇಗ ಹೊಂದಿಕೊಂಡರೆ ಜಾಣೆ, ಇನ್ನೊಬ್ಬಳು ಸೊರಗಿದರೆ ಹಟಮಾರಿ. ಅವಳಿಗೆ ಇಲ್ಲಿ ಏನು ಸಿಗುತ್ತಿಲ್ಲ ಅಂತ ಕೇಳುವವರು ಕಡಿಮೆ. ಭಾಷೆ ಬಾರದೆ ವರ್ಷವಿಡೀ ಫ್ಲ್ಯಾಟಿನೊಳಗೆ ಕೂತವರು ನಮ್ಮಲ್ಲಿದ್ದಾರೆ. ಮಗುವಿಗೆ ಅಂತ ಕೆಲಸ ಬಿಟ್ಟು, ನಾಲ್ಕು ವರ್ಷದ ಮೇಲೆ ಮತ್ತೆ ಅರ್ಜಿ ಹಾಕಿದಾಗ "ಈ ಗ್ಯಾಪ್ ಯಾಕೆ?" ಅಂತ ಕೇಳಿಸಿಕೊಂಡವರೂ ಇದ್ದಾರೆ. ಬೋಳು ಕುಂಡ ನೋಡಿ ಸತ್ತಿದೆ ಅನ್ನುವ ಹಾಗೆ. ಆಲಿಯಂ ಗೆಡ್ಡೆಗೆ ಚಳಿ ಕೊಡಲು ನಮ್ಮಿಂದ ಆಗದು. ಆದರೆ ಒಬ್ಬರಿಗೊಬ್ಬರು ಬೇಕಾದದ್ದನ್ನು ಕೊಡಲು ನಮ್ಮ ವೇದಿಕೆಗೆ ಆಗುತ್ತದೆ. ಹೊಸದಾಗಿ ಬಂದವರಿಗೆ ವಾರಕ್ಕೆ ಎರಡು ಸಂಜೆ ಮಲಯಾಳಂ ಮಾತು ಕಲಿಸಬಹುದು. ಕೆಲಸಕ್ಕೆ ಮರಳಬೇಕೆನ್ನುವವರ ರೆಸ್ಯೂಮೆಯನ್ನು ಒಟ್ಟಿಗೆ ಕೂತು ತಿದ್ದಬಹುದು. ಎರಡನೆಯದಕ್ಕೆ ನಾನು ಪ್ರತಿ ತಿಂಗಳ ಎರಡನೇ ಶನಿವಾರ ಕೂರುತ್ತೇನೆ, ಬರುವವರು ಕಾರ್ಯದರ್ಶಿಯವರ ಹತ್ತಿರ ಹೆಸರು ಕೊಡಿ.

ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಬುಟ್ಟಿ ಇದೆ. ಅದರಲ್ಲಿ ಹನ್ನೊಂದು ಮರಿಗೆಡ್ಡೆಗಳಿವೆ, ಪ್ರತಿಯೊಂದಕ್ಕೂ "ತಿನ್ನುವುದಲ್ಲ" ಅಂತ ಚೀಟಿ ಕಟ್ಟಿದ್ದೇನೆ. ಮರಿಗಳಾದ್ದರಿಂದ ಕೆಲವಕ್ಕೆ ಹೂವಿಗೆ ಒಂದೆರಡು ವರ್ಷ ಹಿಡಿಯಬಹುದು. ತೆಗೆದುಕೊಂ​ಡವರು ಒಂದೇ ಒಂದು ಷರತ್ತು ಒಪ್ಪಬೇಕು. ನಿಮ್ಮ ಕುಂಡದಲ್ಲಿ ಮರಿ ಹುಟ್ಟಿದಾಗ ಒಂದನ್ನು ಇನ್ನೊಬ್ಬರಿಗೆ ಕೊಡಿ. ನಿಮ್ಮದು ಕೊಳೆತರೂ ಅವರ ಮನೆಯಲ್ಲಿ ಇರುತ್ತದೆ. ನಮ್ಮ ಆಯಿಯ ಉಳ್ಳಾಗಡ್ಡಿ ಒಂದೇ ಮನೆಯಲ್ಲಿತ್ತು, ಅದಕ್ಕೇ ಹೋಯಿತು.

 ಹೊರಗೆ ಅಕ್ಕಂದಿರು ಈರುಳ್ಳಿ ಬಜ್ಜಿ ಕರಿಯುತ್ತಿದ್ದಾರೆ, ಆರುವ ಮೊದಲೇ ಎಲ್ಲರೂ ಬನ್ನಿ.